ಅಂಧರ ಬಾಳಿಗೆ ಬೆಳಕಾದ ಗಾನಯೋಗಿ ಪಂಚಾಕ್ಷರಿ ಗವಾಯಿಗಳು

ವಿಕಾರಾಬಾದಿನಿಂದ ಬೀದರಿಗೆ ಹೋಗುವ ರೈಲು ನಮ್ಮ ಕೊಹೀರ್ ದಕ್ಕನ್ ನಿಲ್ದಾಣವನ್ನು ದಾಟುವಾಗ, ಕಣ್ಣಿಲ್ಲದ ಹಾಡುಗಾರನೊಬ್ಬನು ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ತಾಳ ಹಿಡಿದು ಡಬ್ಬಿಯಿಂದ ಡಬ್ಬಿಗೆ ಸಾಗುವುದನ್ನು ನಾನು ಕಂಡಿದ್ದೇನೆ. ವಾಚಕರಲ್ಲಿಯೂ ಅನೇಕರು ಕಂಡಿರಬಹುದು. ಅವನ ಅಂಗೈಯಲ್ಲಿ ಒಂದು ನಾಣ್ಯವನ್ನಿಟ್ಟು, ಪೂರ್ವಜನ್ಮದ ಕರ್ಮವೆಂದು ನಿಟ್ಟುಸಿರುಬಿಟ್ಟು, ನಾವು ಕಿಟಕಿಯತ್ತ ಮುಖ ತಿರುಗಿಸುತ್ತೇವೆ. ನಮ್ಮ ಕನಿಕರವು ಅಲ್ಲಿಗೇ ಮುಗಿದುಹೋಗುತ್ತದೆ. ಅವನ ಕಂಠದಲ್ಲಿ ಏನಿದೆಯೆಂದು ನಿಂತು ಆಲಿಸುವವರು ವಿರಳ. ಹಾಗೆ ಆಲಿಸಿದ ಒಬ್ಬ ಮಹಾನುಭಾವರಿಂದ ಕನ್ನಡ ನಾಡಿಗೆ ಎಂತಹ ನಿಧಿ ದೊರಕಿತೆಂಬುದನ್ನು ಗಾನಯೋಗಿ ಪಂಚಾಕ್ಷರಿ ಗವಾಯಿಗಳ ಚರಿತ್ರೆಯು ಸಾರಿ ಹೇಳುತ್ತದೆ.

ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯೆಂಬ ಸಣ್ಣ ಗ್ರಾಮದಲ್ಲಿ, 1892ನೆಯ ಇಸವಿಯ ಫೆಬ್ರವರಿ 2ರಂದು, ಗುರುಪಾದಯ್ಯ ಮತ್ತು ನೀಲಮ್ಮ ಎಂಬ ಜಂಗಮ ದಂಪತಿಗಳ ಮಗನಾಗಿ ಅವರು ಜನಿಸಿದರು. ತಂದೆತಾಯಿಗಳು ಇಟ್ಟ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ಕಣ್ಣಿಗೆ ಬೆಳಕಿರಲಿಲ್ಲ. ಅಣ್ಣ ಗುರುಬಸಯ್ಯನೂ ಅಂಧನೇ. ಒಂದೇ ಮನೆಯಲ್ಲಿ ಇಬ್ಬರು ಕಣ್ಣಿಲ್ಲದ ಮಕ್ಕಳೆಂದರೆ ಆ ಕಾಲದ ಹಳ್ಳಿಯ ಸಮಾಜವು ಏನೆಂದುಕೊಂಡೀತೆಂಬುದನ್ನು ವಿವರಿಸಬೇಕಾಗಿಲ್ಲ. ಅಂಧತ್ವವು ಪಾಪದ ಫಲವೆಂಬ ನಂಬಿಕೆ ಬೇರೂರಿದ್ದ ದಿನಗಳವು. ಅಂಥವರಿಗೆ ಉಳಿದಿದ್ದ ದಾರಿಗಳು ಎರಡೇ: ಮನೆಯ ಮೂಲೆ, ಇಲ್ಲವೇ ಭಿಕ್ಷಾಪಾತ್ರೆ.

ಆದರೆ ಆ ಸೋದರರಿಬ್ಬರಿಗೂ ಇಂಪಾದ ಕಂಠವಿತ್ತು. ಒಮ್ಮೆ ಕೇಳಿದುದನ್ನು ಮರೆಯದ ನೆನಪಿತ್ತು. ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು ಈ ಬಾಲಕರ ಹಾಡನ್ನು ಕೇಳಿದರು. ಮುಂದೆ 1909ರಲ್ಲಿ ಮಲಪ್ರಭೆಯ ದಡದಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದ ಪೂಜ್ಯರು ಇವರೇ. ಕೇಳಿ ತಲೆದೂಗಿ, ಕಾಣಿಕೆಯಿತ್ತು ಕಳುಹಿಸಿದ್ದರೆ ಅದು ಲೋಕರೂಢಿಯಾಗುತ್ತಿತ್ತು. ಸ್ವಾಮಿಗಳು ಹಾಗೆ ಮಾಡದೆ ಇಬ್ಬರನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತ ವಿದ್ಯೆಗೆ ಏರ್ಪಾಡು ಮಾಡಿದರು. ಆದರೆ ವಿಧಿಯು ಇಲ್ಲಿಯೂ ಪರೀಕ್ಷಿಸದೆ ಬಿಡಲಿಲ್ಲ. ಅಣ್ಣ ಗುರುಬಸಯ್ಯ ಅಲ್ಪ ವಯಸ್ಸಿನಲ್ಲಿಯೇ ತೀರಿಕೊಂಡನು. ಕತ್ತಲೆಯಲ್ಲಿ ಕೈಹಿಡಿದು ನಡೆದ ಜೊತೆಗಾರನನ್ನು ಕಳೆದುಕೊಂಡ ತಮ್ಮನಿಗೆ ಇನ್ನು ಗುರುವೇ ಬಂಧು, ಶಿವನಾಮವೇ ಊರುಗೋಲು. ಗದಿಗೆಯ್ಯನೆಂಬ ಹೆಸರು ಪಂಚಾಕ್ಷರಿ ಎಂದು ಬದಲಾಯಿತು. ಐದು ಅಕ್ಷರಗಳ ಶಿವಮಂತ್ರವೇ ಅವರ ಹೆಸರಾಗಿ ನಿಂತಿತು.

ಶಿಷ್ಯನು ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತವನ್ನು ಅಭ್ಯಸಿಸಿದನು. ಹಿಂದುಸ್ತಾನಿ ಸಂಗೀತದಲ್ಲಿ ಗ್ವಾಲಿಯರ್ ಪರಂಪರೆಯ ನೀಲಕಂಠಬುವಾ ಅವರ ಪಾಠವಾಯಿತು. ಅನಂತರ ಕಿರಾಣಾ ಪರಂಪರೆಯ ಉಸ್ತಾದ್ ವಹೀದ್ ಖಾನ್ ಸಾಹೇಬರ ಶಿಷ್ಯವೃತ್ತಿ ಲಭಿಸಿತು. ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಖಾನ್ ಸಾಹೇಬರಿಗೆ ಕಿವಿ ಮಂದವಾಗಿತ್ತು. ಅದರಿಂದಾಗಿಯೇ ಸಂಗೀತಲೋಕವು ಅವರನ್ನು ಬೆಹ್ರೆ ವಹೀದ್ ಖಾನ್ ಎಂದು ಕರೆಯುತ್ತಿತ್ತು. ಉರ್ದು ಕಿವಿಗೆ ಬೀಳುತ್ತಲೇ ಇರುವ ನಮ್ಮ ಕೊಹೀರಿನ ಮಕ್ಕಳಿಗೂ ಆ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಿವಿ ಮಂದವಾದ ಗುರು, ಕಣ್ಣಿಲ್ಲದ ಶಿಷ್ಯ. ಗುರು ಮುಸಲ್ಮಾನ, ಶಿಷ್ಯ ಲಿಂಗಧಾರಿ ಜಂಗಮ. ಇವರಿಬ್ಬರ ನಡುವೆ ಖ್ಯಾಲಿನ ವಿದ್ಯೆಯು ತುಂಬಿ ಹರಿಯಿತು. ಲೋಕವು ಯಾವುದನ್ನು ಕೊರತೆಯೆಂದು ಎಣಿಸಿ ಅಡ್ಡಹೆಸರಿಟ್ಟಿತೋ ಅದು ಇವರಲ್ಲಿ ಒಬ್ಬರಿಗೂ ಅಡ್ಡಿಯಾಗಲಿಲ್ಲ.

ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಗವಾಯಿಗಳು ಇಚ್ಛಿಸಿದ್ದರೆ ಆಸ್ಥಾನಗಳಲ್ಲಿ ಹಾಡಿ ಸುಖವಾಗಿರಬಹುದಾಗಿತ್ತು. ಆದರೆ ಗುರುವಿನ ಆಣತಿ ಬೇರೆಯಾಗಿತ್ತು. ತಾವು ಪಡೆದ ವಿದ್ಯೆಯನ್ನು ಅಂಧರಿಗೂ ಅನಾಥರಿಗೂ ಧಾರೆಯೆರೆಯಬೇಕು, ಅದಕ್ಕೆ ಬೆಲೆ ಕಟ್ಟಬಾರದು. ಗವಾಯಿಗಳು ಆಜನ್ಮ ಬ್ರಹ್ಮಚಾರಿಗಳಾಗಿ ಉಳಿದು ಆ ವ್ರತವನ್ನು ಕೊನೆಯವರೆಗೂ ನಡೆಯಿಸಿದರು. ಅವರ ಪಾಠಶಾಲೆಗೆ ಬಹುಕಾಲ ಸ್ಥಿರವಾದ ನೆಲೆಯಿರಲಿಲ್ಲ. ಶಿಷ್ಯಸಮೂಹದೊಡನೆ ಊರಿಂದೂರಿಗೆ ಸಂಚರಿಸುತ್ತ, ಭಕ್ತರು ನೀಡಿದುದನ್ನು ಉಂಡು, ಇದ್ದಲ್ಲಿಯೇ ಪಾಠ ಹೇಳುತ್ತಿದ್ದರು. 1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದ ಮೇಲೆ ಈ ಭಾರವೆಲ್ಲವೂ ಅವರ ಹೆಗಲ ಮೇಲೆಯೇ ಬಿದ್ದಿತು. ಮಕ್ಕಳ ಹೊಟ್ಟೆ ತುಂಬಿಸುವುದಕ್ಕಾಗಿ ನಾಟಕ ಸಂಘವನ್ನೂ ಕಟ್ಟಿ ನಡೆಸಿದರು. ಕಡೆಗೆ ಗದುಗಿನಲ್ಲಿ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಆಶ್ರಯ ದೊರೆಯಿತು; ವೀರೇಶ್ವರ ಪುಣ್ಯಾಶ್ರಮವು ನೆಲೆಗೊಂಡಿತು.

ಇಂದು ಅಂಧರಿಗೆ ಬ್ರೇಲ್ ಲಿಪಿಯುಂಟು. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಬ್ರೇಲ್ ಲಿಪಿಯು ಅಂಗೀಕೃತವಾದದ್ದು 1951ರಲ್ಲಿ. ಗವಾಯಿಗಳ ಪಾಠಶಾಲೆ ಅದಕ್ಕೂ ಎಷ್ಟೋ ಮೊದಲಿನದು. ಅಲ್ಲಿ ಗುರುವಿನ ಬಾಯಿಯೇ ಗ್ರಂಥ, ಶಿಷ್ಯನ ನೆನಪೇ ಓಲೆಗರಿ. ಕಣ್ಣಿದ್ದ ಮಕ್ಕಳೂ ಕಣ್ಣಿಲ್ಲದ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕುಳಿತು ಕಲಿತರು. ತಂದೆಯನ್ನು ಕಳೆದುಕೊಂಡಿದ್ದ ಬಸವರಾಜ ರಾಜಗುರು ಎಂಬ ಹುಡುಗನು ಅವರಲ್ಲಿ ಒಬ್ಬನು. 1936ರಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ಹಂಪೆಯಲ್ಲಿ ನಡೆದಾಗ ಆ ತರುಣ ಶಿಷ್ಯನು ಹಾಡಿದನು. ಅವನಿಗೆ ತಬಲಾ ನುಡಿಸಿದವರು ಸ್ವತಃ ಗವಾಯಿಗಳು! ಗುರುವೇ ಶಿಷ್ಯನ ಪಕ್ಕವಾದ್ಯಕ್ಕೆ ಕುಳಿತ ಆ ದೃಶ್ಯದಲ್ಲಿ ಅವರ ಜೀವನದ ಸಾರವೆಲ್ಲ ಅಡಗಿದೆ. ತನಗೆ ದೊರೆತ ಕೈಯಾಸರೆಯನ್ನು ಮತ್ತೊಬ್ಬರಿಗೆ ನೀಡುವುದೇ ಅವರ ಪಾಲಿನ ಶಿವಪೂಜೆಯಾಗಿತ್ತು.

ಶೈಶವದಲ್ಲಿಯೇ ಕಣ್ಣು ಕಳೆದುಕೊಂಡಿದ್ದ ಹಾನಗಲ್ಲ ತಾಲೂಕಿನ ದೇವಗಿರಿಯ ಮತ್ತೊಬ್ಬ ಬಾಲಕನು ಆ ಆಶ್ರಮದಲ್ಲಿ ಬೆಳೆದು, ಗವಾಯಿಗಳ ಉತ್ತರಾಧಿಕಾರಿಯಾದನು. ಅವರೇ ಪುಟ್ಟರಾಜ ಗವಾಯಿಗಳು. 1944ರ ಜೂನ್ 11ರಂದು, ತಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ, ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದರು. ಆಗ ಹೊತ್ತ ಹೊಣೆಯನ್ನು ಪುಟ್ಟರಾಜರು 2010ರ ಸೆಪ್ಟೆಂಬರಿನಲ್ಲಿ ತಾವು ಕಣ್ಮರೆಯಾಗುವವರೆಗೂ ಇಳಿಸಲಿಲ್ಲ. ಅದೇ ವರ್ಷ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣವನ್ನಿತ್ತು ಗೌರವಿಸಿತ್ತು. ಒಬ್ಬ ಅಂಧ ಬಾಲಕನ ಹಾಡನ್ನು ಒಬ್ಬರು ನಿಂತು ಕೇಳಿದುದರ ಫಲವಾಗಿ ಶತಮಾನಕ್ಕೂ ಮಿಕ್ಕಿ ಬೆಳೆದ ವೃಕ್ಷವಿದು!

ಗವಾಯಿಗಳ ಶ್ರದ್ಧೆಯು ಎಂತಹುದೆಂಬುದನ್ನು ನಾವು ಸರಿಯಾಗಿ ತಿಳಿಯಬೇಕು. ದೇವರು ಕಣ್ಣು ಕೊಡುವನೆಂದು ಕಾದು ಕುಳಿತ ಶ್ರದ್ಧೆ ಅದಲ್ಲ. ಕೊಟ್ಟ ಕಿವಿ, ಕಂಠ, ನೆನಪುಗಳನ್ನು ಶಿವಾರ್ಪಣವೆಂದು ದುಡಿಸಿದ ಶ್ರದ್ಧೆ ಅದು. ಆದ್ದರಿಂದಲೇ ಅವರಿಗೆ ತಮ್ಮ ಕೊರತೆಯ ಬಗೆಗೆ ನಾಚಿಕೆಯೂ ಉಳಿಯಲಿಲ್ಲ, ಲೋಕದ ಬಗೆಗೆ ಕಹಿಯೂ ಉಳಿಯಲಿಲ್ಲ.

ಶಾಲೆಯ ಉಪಾಧ್ಯಾಯನಾಗಿ ಕೊನೆಗೊಂದು ಬಿನ್ನಹ. ನೆಂಟರು ಬಂದಾಗ ಅಂಗವಿಕಲ ಮಗುವನ್ನು ಒಳಕೋಣೆಗೆ ಕಳುಹಿಸುವ ಮನೆಗಳು ನಮ್ಮ ಗಡಿಭಾಗದಲ್ಲಿ ಇನ್ನೂ ಇಲ್ಲವೆನ್ನಲಾರೆ. 2016ರ ಅಂಗವಿಕಲರ ಹಕ್ಕುಗಳ ಕಾನೂನು, ಅದು ನಿಗದಿಪಡಿಸಿದ ಮಟ್ಟದ ವೈಕಲ್ಯವುಳ್ಳ ಮಕ್ಕಳಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಆದರೆ ಒಳಕೋಣೆಯ ಬಾಗಿಲನ್ನು ಕಾನೂನು ಬಂದು ತೆರೆಯಲಾರದು, ತಾಯಿತಂದೆಗಳೇ ತೆರೆಯಬೇಕು. ಮಗುವಿನ ಕೈ ಹಿಡಿದು ಶಾಲೆಗೆ ಕರೆತನ್ನಿರಿ. ಅದರಲ್ಲಿ ಏನಿಲ್ಲವೆಂಬುದನ್ನು ಎಣಿಸುವ ಮೊದಲು ಏನಿದೆಯೆಂದು ಕಿವಿಗೊಟ್ಟು ಕೇಳೋಣ. ಕಾಡಶೆಟ್ಟಿಹಳ್ಳಿಯ ಆ ಬಾಲಕನ ಪುಣ್ಯಸ್ಮೃತಿಗೆ ನಾವು ಸಲ್ಲಿಸಬಹುದಾದ ಪೂಜೆ ಅದುವೇ.