ಮರತೂರಿನ ಯೋಗಿ ವಿಜ್ಞಾನೇಶ್ವರರು



ಶಹಾಬಾದ ಎಂದೊಡನೆ ಎಲ್ಲರಿಗೂ ಫರಸಿ ಕಲ್ಲು ನೆನಪಾಗುತ್ತದೆ. ವಾಡಿ ಎಂದರೆ ರೈಲು ಮತ್ತು ಸಿಮೆಂಟು. ಅದೇ ಶಹಾಬಾದಿನ ಮಗ್ಗುಲಿಗಿರುವ ಮರತೂರಿನೊಂದಿಗೆ ಹೆಸರು ಬೆಸೆದುಕೊಂಡ ಒಬ್ಬ ಯತಿಯ ಗ್ರಂಥವನ್ನು ಕಾಶಿಯ ಪಂಡಿತರೂ ಲಂಡನ್ನಿನ ಪ್ರಿವಿ ಕೌನ್ಸಿಲಿನ ನ್ಯಾಯಾಧೀಶರೂ ಪ್ರಮಾಣವೆಂದು ಮನ್ನಿಸಿದರು. ಅವರೇ ವಿಜ್ಞಾನೇಶ್ವರರು, ಆ ಗ್ರಂಥವೇ ಮಿತಾಕ್ಷರಾ. ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಹಿರಿಯರು ವಾಟ್ನಿ ಮಾಡಲು ಕಟ್ಟೆಯ ಮೇಲೆ ಕೂತಾಗ ಆಡುವ ಮಾತಿನಲ್ಲಿ ಅರ್ಧದಷ್ಟು ಈ ಮಹಾತ್ಮರದೇ, ಆಡುವವರಿಗೆ ಅದು ತಿಳಿದಿರಲಿ ಬಿಡಲಿ.

ಭಾರದ್ವಾಜ ಗೋತ್ರದ ಪದ್ಮನಾಭ ಭಟ್ಟರ ಮಗ. ಗುರುವಿನ ಹೆಸರು ಉತ್ತಮ. ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡು ಚಾಲುಕ್ಯ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದ ಕಾಲದಲ್ಲಿ ಅವರು ಬಾಳಿದರು. ಕಾಶ್ಮೀರದ ಕವಿ ಬಿಲ್ಹಣನು ದೇಶ ಸುತ್ತಿ ಬಂದು ನೆಲೆ ನಿಂತದ್ದು ಅದೇ ಆಸ್ಥಾನದಲ್ಲಿ. ಬಸವಣ್ಣನವರು ಕಲ್ಯಾಣಕ್ಕೆ ಬರುವುದಕ್ಕೆ ಇನ್ನೂ ಒಂದು ತಲೆಮಾರು ಇತ್ತು. ಆಗ ನಮ್ಮ ಈ ನೆಲ ವಿದ್ಯೆಯಲ್ಲಿ ಹಿಂದುಳಿದದ್ದಾಗಿರಲಿಲ್ಲ. ಚಿತ್ತಾಪುರದ ಪಕ್ಕದ ನಾಗಾವಿಯ ಘಟಿಕಾಸ್ಥಾನದಲ್ಲಿ ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು 52 ಮಂದಿ ಇದ್ದರೆಂದೂ, ಗ್ರಂಥ ಕಾಯುವ ಸರಸ್ವತೀ ಭಂಡಾರಿಗಳು 6 ಜನ ಇದ್ದರೆಂದೂ 1058ರ ಶಾಸನ ಹೇಳುತ್ತದೆ. ಅಂಥ ಗಾಳಿಯಲ್ಲಿ ಬೆಳೆದ ಜ್ಞಾನ ಇವರದು.

ವಿಜ್ಞಾನೇಶ್ವರರು ಸಂಸಾರವನ್ನು ಬಿಟ್ಟ ಪರಮಹಂಸ ಪರಿವ್ರಾಜಕರು. ಹೊಲವಿಲ್ಲ, ಮನೆಯಿಲ್ಲ, ಪಾಲಿಗೆ ಬರುವ ಮಕ್ಕಳಿಲ್ಲ. ಯಾಜ್ಞವಲ್ಕ್ಯ ಸ್ಮೃತಿಗೆ ಟೀಕೆ ಬರೆಯಲು ಕುಳಿತು, ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂಬ ಮೂರೂ ಅಧ್ಯಾಯಗಳನ್ನು ಬಿಡಿಸಿದರು. ಹೆಸರಿಗೆ ಮಿತವಾದ ಅಕ್ಷರ, ಒಳಗೆ ಸಾಗರ. ಆದರೆ ಲೋಕದಲ್ಲಿ ಬಹಳ ಕಾಲ ನಡೆದದ್ದು ಅದರ ದಾಯಭಾಗ, ಅಂದರೆ ಆಸ್ತಿ ಹಂಚಿಕೆಯ ಪ್ರಕರಣ.

ತಂದೆ ಬದುಕಿರುವಾಗ ಮಗನಿಗೆ ಹಿರಿಯರ ಆಸ್ತಿಯಲ್ಲಿ ಹಕ್ಕುಂಟೇ ಎಂಬುದು ಮೊದಲ ಪ್ರಶ್ನೆ. ಹುಟ್ಟಿದ ಕ್ಷಣದಿಂದಲೇ ಉಂಟು ಎಂದು ಅವರು ತೀರ್ಮಾನಿಸಿದರು. ಆದುದರಿಂದ ತಂದೆಯಾದವನು ಪಿತ್ರಾರ್ಜಿತ ಭೂಮಿಯನ್ನು ತನ್ನ ಮನಸ್ಸಿಗೆ ಬಂದಂತೆ ಮಾರುವಂತಿಲ್ಲ. ಆಪತ್ತು, ಕುಟುಂಬದ ಅಗತ್ಯ, ಧರ್ಮಕಾರ್ಯ ಇವುಗಳಿಗೆ ಮಾತ್ರ ವಿನಾಯಿತಿ. ಕುಡಿತಕ್ಕೋ ಜೂಜಿಗೋ ಬಿದ್ದವನ ಕೈಯಿಂದ ಎಷ್ಟು ಮನೆತನಗಳ ಹೊಲ ಈ ಒಂದು ಮಾತಿನಿಂದ ಉಳಿಯಿತೋ ಲೆಕ್ಕವಿಟ್ಟವರಿಲ್ಲ. ಬಂಗಾಲದಲ್ಲಿ ಮಾತ್ರ ಜೀಮೂತವಾಹನನ ಬೇರೆ ಮತ ನಡೆಯಿತು. ಉಳಿದ ಭಾರತದ ಬಹುಭಾಗ ಮಿತಾಕ್ಷರಾವನ್ನು ಒಪ್ಪಿತು. ಮುಂದೆ 1810ರಲ್ಲಿ ಕೋಲ್‌ಬ್ರೂಕ್ ಎಂಬ ಆಂಗ್ಲ ಪಂಡಿತನು ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದುದರಿಂದ ಕೋರ್ಟುಗಳಿಗೂ ಅದೇ ಆಧಾರವಾಯಿತು.

ಸ್ವತ್ತು ಎಂಬುದು ಶಾಸ್ತ್ರದಿಂದ ಹುಟ್ಟಿದ್ದೋ ಲೋಕದಿಂದ ಹುಟ್ಟಿದ್ದೋ ಎಂಬ ವಾದದಲ್ಲಿ ಅವರು ಲೋಕದ ಪಕ್ಷ ಹಿಡಿದರು. ಶಾಸ್ತ್ರದ ಗಂಧವಿಲ್ಲದ ಗಡಿನಾಡಿನ ಜನರೂ ಕೊಳ್ಳುತ್ತಾರೆ, ಮಾರುತ್ತಾರೆ, ಇದು ನನ್ನದು ಎನ್ನುತ್ತಾರಲ್ಲವೇ ಎಂಬುದು ಅವರ ಯುಕ್ತಿ. ಕಾವಿ ಉಟ್ಟವರು ಈ ಮಾತು ಹೇಳಲು ಧೈರ್ಯ ಬೇಕು.

ಇವರು ಸ್ಮಾರ್ತ ಪರಂಪರೆಯವರು, ವೀರಶೈವ ಮಠಕ್ಕೆ ಇವರ ಚರಿತ್ರೆ ಏಕೆ ಎಂದು ಕೇಳುವವರುಂಟು. ಸಪಿಂಡ ಎಂದರೆ ಶ್ರಾದ್ಧದ ಪಿಂಡ ಕೊಡುವ ನಂಟು ಎಂದು ಅರ್ಥ ಮಾಡುವವರಿದ್ದರು. ವಿಜ್ಞಾನೇಶ್ವರರು ಪಿಂಡವೆಂದರೆ ದೇಹ, ಒಂದೇ ದೇಹದ ಅಂಶ ಹಂಚಿಕೊಂಡವರೇ ಸಪಿಂಡರು ಎಂದರು. ಲಿಂಗಧಾರಿಗಳಾದ ನಾವು ಪಿಂಡ ಇಡುವವರಲ್ಲ. ರಕ್ತಸಂಬಂಧದ ಮೇಲೆ ನಿಂತ ಈ ನ್ಯಾಯ ನಮ್ಮ ಮನೆಗಳಲ್ಲಿ ತೊಡಕಿಲ್ಲದೆ ನಡೆದದ್ದಕ್ಕೆ ಇದೂ ಒಂದು ಕಾರಣವೆಂದು ನಮಗೆ ತೋರುತ್ತದೆ.

ಮಕ್ಕಳಿಲ್ಲದೆ ತೀರಿದವನ ಆಸ್ತಿ ತಂದೆತಾಯಿಗಳಿಗೆ ಬರುವಾಗ ತಾಯಿಗೇ ಮೊದಲ ಸ್ಥಾನ ಕೊಟ್ಟರು. ತಂದೆಯು ಬೇರೆ ಹೆಂಡತಿಯರ ಮಕ್ಕಳಿಗೂ ತಂದೆಯೇ. ತಾಯಿ ಹಾಗಲ್ಲ, ಹೆತ್ತವನಿಗೇ ಮೀಸಲು ಎಂಬ ಕಾರಣವನ್ನೂ ಕೊಟ್ಟರು. ಬೇರೆಯಾಗಿ ಬಾಳಿ ಗಂಡುಸಂತಾನವಿಲ್ಲದೆ ಸತ್ತವನ ಇಡೀ ಆಸ್ತಿಗೆ ಅವನ ವಿಧವೆಯೇ ಹಕ್ಕುದಾರಳು ಎಂದರು. ಆಕೆಗೆ ಹೊಟ್ಟೆಬಟ್ಟೆ ಕೊಟ್ಟರೆ ಸಾಕು ಎನ್ನುತ್ತಿದ್ದ ಪಂಡಿತರ ಮಾತನ್ನು ಒಂದೊಂದಾಗಿ ಮುರಿದರು.

ಮದುವೆಯಾಗದ ಹೆಣ್ಣುಮಗಳ ವಿಷಯವಂತೂ ಇಂದಿಗೂ ಓದುವಂತಿದೆ. ಸ್ಮೃತಿಯು ಹೇಳಿದ ನಾಲ್ಕನೆಯ ಒಂದು ಪಾಲು ಕೇವಲ ಮದುವೆ ಖರ್ಚಿನ ಮಾತು ಎಂದು ಕೆಲವರು ತೇಲಿಸಿದ್ದರು. ಅದು ಪಾಲೇ, ಖರ್ಚಲ್ಲ ಎಂದು ವಿಜ್ಞಾನೇಶ್ವರರು ಲೆಕ್ಕ ಮಾಡಿ ತೋರಿಸಿದರು. ನಮ್ಮ ತೊಗರಿ ಹೊಲದ ಮಾತಿನಲ್ಲಿ ಹೇಳುವುದಾದರೆ, ಒಬ್ಬ ಮಗ, ಒಬ್ಬ ಮಗಳಿರುವ ಮನೆಯಲ್ಲಿ 16 ಎಕರೆ ಇದ್ದರೆ ಮೊದಲು 8 ಮತ್ತು 8 ಮಾಡಬೇಕು, ಒಂದು 8ರಲ್ಲಿ ನಾಲ್ಕನೆಯ ಭಾಗ, ಅಂದರೆ 2 ಎಕರೆ ಮಗಳಿಗೆ, 14 ಮಗನಿಗೆ. ಇದು ಸಮಪಾಲಲ್ಲ. ಮದುವೆಯಾಗಿ ಹೋದವಳಿಗೆ ಇದೂ ಇಲ್ಲ, ಅವಿಭಕ್ತ ಮನೆಯ ವಿಧವೆಗೆ ಅನ್ನವಸ್ತ್ರವಷ್ಟೇ. ಕಾಲದ ಗೋಡೆಯನ್ನು ಅವರು ಪೂರ್ತಿ ದಾಟಲಿಲ್ಲ. ಆದರೂ 900 ವರ್ಷಗಳ ಹಿಂದೆ 2 ಎಕರೆಯನ್ನು ಹಕ್ಕೆಂದು ಬರೆದವರು ಅವರು. ಇಂದು ಶಾಸ್ತ್ರದ ಹೆಸರೆತ್ತಿ ತಂಗಿಗೆ ಒಂದು ಗುಂಟೆಯೂ ಇಲ್ಲವೆನ್ನುವವರು ಯಾವ ಶಾಸ್ತ್ರ ಓದಿದ್ದಾರೋ ಶಿವನೇ ಬಲ್ಲ.

ಆ ಗೋಡೆಯನ್ನು ಮುಂದಿನವರು ಕೆಡವಿದರು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ವೀರಶೈವ, ಲಿಂಗಾಯತರ ಹೆಸರನ್ನೂ ಎತ್ತಿ ಹೇಳಿದೆ. 1994ರಲ್ಲಿ ಕರ್ನಾಟಕವು ಅಲ್ಲಿಯವರೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. 2005ರಲ್ಲಿ ಕೇಂದ್ರವು ಮದುವೆಯ ಆ ಅಡ್ಡಿಯನ್ನೂ ತೆಗೆಯಿತು. 2005ರಲ್ಲಿ ತಂದೆ ಜೀವಂತ ಇರಲೇಬೇಕೆಂದೇನಿಲ್ಲ, ಹಕ್ಕು ಹುಟ್ಟಿನಿಂದ ಬಂದದ್ದು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ತೀರ್ಪಿತ್ತಿತು. ಹುಟ್ಟಿನ ಹಕ್ಕು ಎಂಬ ವಿಜ್ಞಾನೇಶ್ವರರ ಸೂತ್ರವೇ ಮಗನಿಂದ ಮಗಳಿಗೆ ವಿಸ್ತರಿಸಿತು.

ಹೀಗಿದ್ದೂ ತವರಿಗೆ ಹಬ್ಬಕ್ಕೆ ಕರೆದು, ಸೀರೆ ಉಡಿಸಿ, ಮರುದಿನ ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವುದು ನಮ್ಮ ಸೀಮೆಯಲ್ಲಿ ನಿಂತಿಲ್ಲ. ಸಂತೋಷದಿಂದ ಬಿಟ್ಟುಕೊಡುವ ತಂಗಿಯರಿದ್ದಾರೆ, ಅವರ ಮಾತು ಬೇರೆ. ಪತ್ರದಲ್ಲಿ ಏನಿದೆ ಎಂದು ತಿಳಿಯದೆಯೇ ಒತ್ತಿದವರನ್ನೂ ನಾವು ಕಂಡಿದ್ದೇವೆ. ವಾಟ್ನಿಯ ಮಾತಿಗೆಂದು ಮಠಕ್ಕೆ ಬರುವ ಮನೆತನಗಳಿಗೆ ನಮ್ಮದೊಂದು ಸೂಚನೆ: ಅಣ್ಣತಮ್ಮಂದಿರು ಮಾತ್ರ ಬಂದರೆ ನಾವು ಕೂಡುವುದಿಲ್ಲ. ಪಹಣಿಯ ಜೊತೆಗೆ ಅಕ್ಕತಂಗಿಯರನ್ನೂ ಕರೆದುಕೊಂಡು ಬನ್ನಿ.