ಅರಿಯದ ಅಕ್ಷರಗಳನ್ನು ಕಾಪಾಡಿದವರು

ವಿದ್ವತ್ತೆಂದರೆ ಅರ್ಥ ಹೇಳಬಲ್ಲ ಶಕ್ತಿ ಎಂದೇ ನಾನು ಬಹುಕಾಲ ನಂಬಿದ್ದೆನು. ಸರ್ ಚಾರ್ಲ್ಸ್ ಫೆಲೋಸರ ಜೀವನವನ್ನು ತಿಳಿದ ಮೇಲೆ ಆ ನಂಬಿಕೆ ಸಡಿಲವಾಯಿತು.

ಫೆಲೋಸರು 1799ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ಸ್ಥಿತಿವಂತ ಮನೆತನದಲ್ಲಿ ಜನಿಸಿದರು. ಅವರು ಭಾಷಾಪಂಡಿತರಲ್ಲ, ಸಂಚಾರಪ್ರಿಯರು. 1827ರಲ್ಲಿ ಆಲ್ಪ್ಸ್ ಪರ್ವತದ ಮಾಂಟ್ ಬ್ಲಾಂಕ್ ಶಿಖರವನ್ನೇರಿದ ಸಾಹಸಿಗಳು. 1838ರಲ್ಲಿ, ಇಂದಿನ ತುರ್ಕಿ ದೇಶದ ನೈಋತ್ಯ ಭಾಗದಲ್ಲಿ ಸಂಚರಿಸುತ್ತ, ಪ್ರಾಚೀನ ಲಿಸಿಯ ನಾಡಿನ ಮುಖ್ಯ ನಗರವಾಗಿದ್ದ ಕ್ಸಾಂಥೋಸಿನ ಅವಶೇಷಗಳನ್ನು ಕಂಡರು.

ಅಲ್ಲೊಂದು ಶಿಲಾಸ್ತಂಭ. ಕ್ರಿ.ಪೂ. 400ರ ಸುಮಾರಿನದು. ಅದರ ನಾಲ್ಕು ಮುಖಗಳಲ್ಲಿ 250ಕ್ಕೂ ಹೆಚ್ಚು ಸಾಲುಗಳ ಬರಹ. 12 ಸಾಲು ಗ್ರೀಕ್ ಪದ್ಯ. ಉಳಿದದ್ದೆಲ್ಲ ಗ್ರೀಕ್ ಅಕ್ಷರಗಳನ್ನು ಹೋಲುವ, ಆದರೆ ಆಗ ಯಾರಿಗೂ ಅರ್ಥವಾಗದಿದ್ದ ಬರಹ. ಫೆಲೋಸರಿಗೂ ಅದು ಅರ್ಥವಾಗಲಿಲ್ಲ. ಆದರೂ ಲಿಸಿಯದ ಶಾಸನಗಳನ್ನು ಅಕ್ಷರ ಅಕ್ಷರವಾಗಿ ನಕಲು ಮಾಡಿದರು. 1840ರಲ್ಲಿ ಪುನಃ ಆ ನಾಡಿಗೆ ಹೋದರು. 1842ರಲ್ಲಿ ಸ್ತಂಭದ ಬರಹವನ್ನು ಮತ್ತೊಮ್ಮೆ ಹೊಸದಾಗಿ ನಕಲು ಮಾಡಿ ಪ್ರಕಟಿಸಿದರು. ತರಗತಿಯ ಟಿಪ್ಪಣಿಯನ್ನು ಎರಡನೆಯ ಸಲ ತಾಳೆ ನೋಡದ ನನಗೆ ಇದನ್ನು ತಿಳಿದು ನಾಚಿಕೆಯಾಯಿತು.

ಕ್ಸಾಂಥೋಸಿನ ಅನೇಕ ಶಿಲ್ಪಗಳನ್ನು ಅವರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಸಾಗಿಸಿದರು. 1845ರಲ್ಲಿ ಸರ್ ಪದವಿ ದೊರೆತದ್ದು ಆ ಕಾರ್ಯಕ್ಕಾಗಿ. ಒಂದು ನಾಡಿನ ಶಿಲ್ಪವನ್ನು ಇನ್ನೊಂದು ನಾಡಿಗೆ ಒಯ್ದದ್ದನ್ನು ನಾನು ಮೆಚ್ಚಲಾರೆ. ಬರಹದ ಸ್ತಂಭ ಮಾತ್ರ ಇಂದಿಗೂ ಕ್ಸಾಂಥೋಸಿನಲ್ಲಿಯೇ ನಿಂತಿದೆ. 1860ರಲ್ಲಿ ಫೆಲೋಸರು ತೀರಿಕೊಂಡಾಗ ಆ ಬರಹದ ರಹಸ್ಯ ಬಿಡಿಸದೆಯೇ ಉಳಿದಿತ್ತು.

ಮುಂದೆ ವಿದ್ವಾಂಸರಿಗೆ ಒಂದು ಸೋಜಿಗ ಕಾಣಿಸಿತು. ಸ್ತಂಭದ ಉತ್ತರ, ಪಶ್ಚಿಮ ಮುಖಗಳ ಬರಹದಲ್ಲಿ ಬಹುಭಾಗ ಸಾಮಾನ್ಯ ಲಿಸಿಯನ್ ಅಲ್ಲ. ಅದರ ಒಡಹುಟ್ಟಿನಂಥ ಮತ್ತೊಂದು ನುಡಿ. ಅದನ್ನು ಲಿಸಿಯನ್ ಬಿ ಅಥವಾ ಮಿಲ್ಯನ್ ಎಂದು ಕರೆದರು. ಅದು ಪದ್ಯ, ಚರಣಗಳು ಮುಗಿಯುವಲ್ಲಿ ಗುರುತುಗಳಿವೆ. ಈ ನುಡಿಯ ಬರಹವಾಗಿ ಇದನ್ನು ಬಿಟ್ಟರೆ ಅಂಟಿಫೆಲೋಸಿನ ಒಂದು ಕಲ್ಲಿನ ಶವಪೆಟ್ಟಿಗೆಯ ಶಾಸನವಷ್ಟೇ ನಮಗೆ ದೊರೆತಿದೆ. 1945ರಲ್ಲಿ ಡೆನ್ಮಾರ್ಕಿನ ಹೋಲ್ಗರ್ ಪೆಡರ್ಸನ್ನರು ಲಿಸಿಯನ್ ಭಾಷೆಗೂ ಹಿಟ್ಟೈಟ್ ಭಾಷೆಗೂ ಇರುವ ನಂಟನ್ನು ಸ್ಥಿರಪಡಿಸಿದರು. 1973ರಲ್ಲಿ ಲೆಟೂನಿನಲ್ಲಿ ಲಿಸಿಯನ್, ಗ್ರೀಕ್, ಅರಾಮಿಕ್ ಎಂಬ ಮೂರು ಭಾಷೆಗಳ ಶಾಸನ ಸಿಕ್ಕಿ ಸಾಮಾನ್ಯ ಲಿಸಿಯನ್ನಿನ ಅರ್ಥ ಎಷ್ಟೋ ತಿಳಿಯಾಯಿತು. ಮಿಲ್ಯನ್ ಪದ್ಯ ಮಾತ್ರ ಇನ್ನೂ ಪೂರ್ತಿಯಾಗಿ ಬಾಯಿಬಿಟ್ಟಿಲ್ಲ.

ಗೆಳೆಯರೇ, ತನಗೆ ತಿಳಿಯದುದನ್ನು ತಿರುಚದೆ ಮುಂದಿನವರ ಕೈಗೊಪ್ಪಿಸುವುದೂ ವಿದ್ಯೆಯೇ. ಫೆಲೋಸರು ನನಗೆ ಕಲಿಸಿದ ಪಾಠ ಇದು.