ಟೇಲರ್ ಸಾಹೇಬರ ಊರು ಯಾವುದು?

ವಳಕಮದಿನ್ನಿಯಲ್ಲಿ ನನ್ನ ಅಭ್ಯಾಸ ಬೋಧನೆಯ ನಾಲ್ಕನೆಯ ಪಾಠ ಸುರಪುರದ ಬಂಡಾಯ. ಪಾಠಯೋಜನೆಯಲ್ಲಿ ರಾಜಾ ವೆಂಕಟಪ್ಪ ನಾಯಕನಿಗೆ ಇಪ್ಪತ್ತೈದು ನಿಮಿಷ, ಕರ್ನಲ್ ಫಿಲಿಪ್ ಮೆಡೋಸ್ ಟೇಲರ್ ಅವರಿಗೆ ಐದು ನಿಮಿಷ ಎಂದು ಬರೆದುಕೊಂಡು ಹೋಗಿದ್ದೆ. ಟೇಲರ್ ಬಾಲರಾಜನ ಪೋಷಕರಾಗಿದ್ದರು ಎಂದು ಹೇಳುತ್ತಿದ್ದಾಗ ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು, ಆ ಸಾಹೇಬನ ಊರು ಯಾವುದು, ಹಬ್ಬಕ್ಕೆ ಊರಿಗೆ ಹೋಗುತ್ತಿದ್ದನೇ ಎಂದು ಕೇಳಿದಳು. ತರಗತಿ ನಕ್ಕಿತು. ನಾನು ಇಂಗ್ಲೆಂಡ್ ಎಂದು ಹೇಳಿ ಮುಂದೆ ಸಾಗಿದೆ. ಅವಳ ತಂದೆತಾಯಿ ಬೆಂಗಳೂರಿಗೆ ಗುಳೆ ಹೋಗಿದ್ದಾರೆ, ಅವಳು ಅಜ್ಜಿಯ ಹತ್ತಿರ ಉಳಿದು ಓದುತ್ತಿದ್ದಾಳೆ ಎಂಬುದು ಆಮೇಲೆ ತಿಳಿಯಿತು. ನನ್ನ ಉತ್ತರವೂ ಅರ್ಧಕ್ಕರ್ಧ ತಪ್ಪಾಗಿತ್ತು. ಮರುದಿನ ಒಂದು ಅವಧಿ ಕೇಳಿ ಪಡೆದು ಮಕ್ಕಳಿಗೆ ಹೇಳಿದ ಜೀವನಕಥೆ ಇದು.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ತಂದೆ ವ್ಯಾಪಾರಿ. ವ್ಯಾಪಾರ ಕೈಕೊಟ್ಟು ಮನೆಯವರು ಐರ್ಲೆಂಡಿನ ಡಬ್ಲಿನ್‌ಗೆ ಹೋದರು; ಹುಡುಗನೂ ಅಲ್ಲಿ ಸ್ವಲ್ಪ ಕಾಲ ಶಾಲೆಗೆ ಹೋದ. ಓದು ಅಷ್ಟಕ್ಕೇ ನಿಂತಿತು. 1824ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಮುಂಬಯಿಯ ಅಂಗಡಿಯೊಂದರಲ್ಲಿ ಕೆಲಸಕ್ಕೆಂದು ಹಡಗು ಹತ್ತಿಸಿದರು. ಬಂದು ನೋಡಿದರೆ ಆ ಅಂಗಡಿಯೇ ಮುಳುಗುತ್ತಿತ್ತು. ಬಂಧುವೊಬ್ಬರ ನೆರವಿನಿಂದ ಹೈದರಾಬಾದ್ ನಿಜಾಮನ ಸೈನ್ಯದಲ್ಲಿ ಕೆಲಸ ದೊರೆಯಿತು. ಇಷ್ಟು ಹೇಳುವಾಗ ಮಕ್ಕಳು ಕದಲಲಿಲ್ಲ. ಹದಿನೈದಕ್ಕೆ ದುಡಿಯಲು ಊರು ಬಿಟ್ಟವರನ್ನು ಅವರು ಮನೆಯಲ್ಲೇ ಕಂಡಿದ್ದಾರೆ.

ಯಾವ ಕಾಲೇಜನ್ನೂ ನೋಡದ ಟೇಲರ್ ಕೆಲಸ ಮಾಡುತ್ತಲೇ ಭಾಷೆ, ಕಾನೂನು, ಮೋಜಣಿ ಕಲಿತರು. 1832ರಲ್ಲಿ ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್ ಅವರ ಮಗಳು ಮೇರಿಯನ್ನು ಮದುವೆಯಾದರು. ಪಾಮರ್ ಅವರ ತಾಯಿ ಫೈಜ್ ಬಕ್ಷ್ ಬೇಗಂ ಈ ದೇಶದ ಮುಸ್ಲಿಂ ಹೆಣ್ಣುಮಗಳು. 1830ರ ದಶಕದ ಕೊನೆಯಲ್ಲಿ ದಂಪತಿ ದೀರ್ಘ ರಜೆಯ ಮೇಲೆ ಈಜಿಪ್ಟಿನ ಮಾರ್ಗವಾಗಿ ಹೊರಟರು. ಗಂಡನಿಗೆ ಅದು ತಾಯ್ನಾಡಿನ ಪ್ರಯಾಣ. ಹೆಂಡತಿಯ ತಂದೆಯ ಮನೆ ಹೈದರಾಬಾದು, ಅಜ್ಜಿಯ ದೇಶವೂ ಇದೇ. ಒಂದೇ ಹಡಗಿನಲ್ಲಿ ಒಬ್ಬರು ಊರಿಗೆ ಹೋಗುತ್ತಿದ್ದರು, ಇನ್ನೊಬ್ಬರು ಊರು ಬಿಡುತ್ತಿದ್ದರು. ಆ ರಜೆಯಲ್ಲೇ, 1839ರಲ್ಲಿ, ಕನ್ಫೆಷನ್ಸ್ ಆಫ್ ಎ ಥಗ್ ಕಾದಂಬರಿ ಪ್ರಕಟವಾಗಿ ಟೇಲರ್ ಹೆಸರುವಾಸಿಯಾದರು. ಊರಿಗೆ ಹೋದವರು ಜನರಿಗೆ ಹೇಳಿದ್ದು ದಖ್ಖನ್ನಿನ ಕಥೆಯನ್ನು. 1844ರಲ್ಲಿ ಮೇರಿ ತೀರಿಕೊಂಡರು.

ಅಷ್ಟರಲ್ಲಿ ಟೇಲರ್ ಸುರಪುರ ಸೇರಿದ್ದರು. ಅಲ್ಲಿ ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ. ಮಗ ವೆಂಕಟಪ್ಪ ಇನ್ನೂ ಬಾಲಕ. 1853ರವರೆಗೆ ಸಂಸ್ಥಾನದ ಆಡಳಿತ ಟೇಲರ್ ಕೈಯಲ್ಲಿತ್ತು. ಅವರು ರಸ್ತೆ, ಕೆರೆ, ಲೆಕ್ಕಪತ್ರ ಸರಿಪಡಿಸಿದರು, ಗುಡ್ಡದ ಮೇಲೆ ಬಂಗಲೆ ಕಟ್ಟಿದರು. ಟೇಲರ್ ಮಂಜಿಲ್ ಈಗಲೂ ಇದೆ. ಒಬ್ಬ ಹುಡುಗ ಅದನ್ನು ನೋಡಿದ್ದೇನೆಂದು ಕೈ ಎತ್ತಿದ. ಬಾಲರಾಜ ಟೇಲರ್ ಅವರನ್ನು ಅಪ್ಪಾ ಎಂದೇ ಕರೆಯುತ್ತಿದ್ದ.

ಮುಂದಿನದನ್ನು ಹೇಳುವುದು ನನಗೆ ಕಷ್ಟವಾಯಿತು. ರಾಜ ಪ್ರಾಯಕ್ಕೆ ಬಂದು ಅಧಿಕಾರ ವಹಿಸಿಕೊಂಡ ಮೇಲೆ ಟೇಲರ್ ನಳದುರ್ಗಕ್ಕೆ ವರ್ಗವಾದರು. 1858ರ ಫೆಬ್ರವರಿಯಲ್ಲಿ ನಮ್ಮ ಲಿಂಗಸುಗೂರಿನ ಛಾವಣಿಯಿಂದ ಹೊರಟ ದಂಡು ಸುರಪುರವನ್ನು ಮುತ್ತಿತು. ರಾಜ ಹೈದರಾಬಾದಿನಲ್ಲಿ ಸೆರೆಸಿಕ್ಕ. ಟೇಲರ್ ಸೆರೆಮನೆಗೆ ಹೋಗಿ ಅವನನ್ನು ಕಂಡರು. ಮರಣದಂಡನೆ ಇಳಿದು ಇಳಿದು ನಾಲ್ಕು ವರ್ಷದ ಸೆರೆಯಾಯಿತು. ಆದರೆ ಅಲ್ಲಿಗೆ ಸಾಗಿಸುವ ದಾರಿಯಲ್ಲೇ ರಾಜ ಗುಂಡು ತಗುಲಿ ಸತ್ತ. ತಾನೇ ಹೊಡೆದುಕೊಂಡನೋ, ಅಕಸ್ಮಾತ್ತೋ, ಬೇರೆಯವರ ಕೈವಾಡವೋ ಎಂಬ ವಾದ ಇಂದಿಗೂ ಇದೆ. ಆ ಹೊತ್ತಿಗೆ ಸುರಪುರದ ಆಡಳಿತ ಮತ್ತೆ ಟೇಲರ್ ಕೈಗೆ ಬಂದಿತ್ತು. ಅಪ್ಪಾ ಎನಿಸಿಕೊಂಡವರೇ ಮಗನ ರಾಜ್ಯವನ್ನು ಗೆದ್ದವರ ಪರವಾಗಿ ಆಳಲು ಕುಳಿತರು. ಅವರ ಪ್ರೀತಿ ನಿಜವೆಂದು ನಾನು ನಂಬುತ್ತೇನೆ. ಅದು ರಾಜನನ್ನು ಉಳಿಸಲಿಲ್ಲ. ಪಾಠದಲ್ಲಿ ನಾನು ಒಮ್ಮೆ ಟೇಲರನು, ಒಮ್ಮೆ ಟೇಲರವರು ಎಂದೆನೆಂದು ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಕೆಂಪು ಗೆರೆ ಎಳೆದಿದ್ದಾರೆ. ಅದು ನನ್ನ ತಪ್ಪೇ, ಆದರೆ ಬರೀ ವ್ಯಾಕರಣದ ತಪ್ಪಲ್ಲ.

1860ರಲ್ಲಿ ಆರೋಗ್ಯ ಕೆಟ್ಟು ಟೇಲರ್ ಐರ್ಲೆಂಡಿಗೆ ಮರಳಿದರು. ಡಬ್ಲಿನ್‌ನ ಹೆರಾಲ್ಡ್ಸ್ ಕ್ರಾಸ್‌ನಲ್ಲಿ ಓಲ್ಡ್ ಕೋರ್ಟ್ ಎಂಬ ಮನೆ. ಮೂವತ್ತಾರು ವರ್ಷದ ಮೇಲೆ ಊರಿಗೆ ಬಂದವರು ಅಲ್ಲಿ ಮಾಡಿದ್ದೇನು? ಸುರಪುರ ಸೀಮೆಯ ರಾಜನಕೋಳೂರು, ಶಹಾಪುರದ ಹತ್ತಿರದ ವಿಭೂತಿಹಳ್ಳಿ ಮೊದಲಾದ ಕಡೆ ತಾವು ಅಳೆದು, ಅಗೆದು ನೋಡಿದ್ದ ಕಲ್ಗೋರಿಗಳ ಮೇಲೆ ಪ್ರಬಂಧ ಬರೆದು 1862ರಲ್ಲಿ ರಾಯಲ್ ಐರಿಷ್ ಅಕಾಡೆಮಿಯ ಮುಂದಿಟ್ಟರು. ನಿಲುವುಗಲ್ಲುಗಳ ಮೇಲೆ ಹಾಸುಗಲ್ಲು ಹೊದಿಸಿದ ಇಂಥ ಮನೆಗಳನ್ನು ಕುಳ್ಳ ಮೋರೇರು ಕಟ್ಟಿದರೆಂದು ನಮ್ಮ ಸೀಮೆಯ ಹಿರಿಯರು ಹೇಳುತ್ತಾರೆ. ಐರ್ಲೆಂಡಿನ ಹೊಲಗಳಲ್ಲೂ ಅಂಥವೇ ಕಲ್ಲುಮನೆಗಳಿವೆ. ಹಾಗಾಗಿ ಎರಡನ್ನೂ ಕಟ್ಟಿದವರು ಒಂದೇ ಮೂಲದವರಿರಬೇಕೆಂಬ ಆಸೆ ಟೇಲರ್‌ಗೆ.

ಆ ಊಹೆ ನಿಲ್ಲಲಿಲ್ಲ. ಐರ್ಲೆಂಡಿನವು 5,000 ವರ್ಷಕ್ಕೂ ಹಳೆಯ, ಕಬ್ಬಿಣ ತಿಳಿಯದ ಕಾಲದವು. ನಮ್ಮವು ಬಹುಪಾಲು ಕಬ್ಬಿಣಯುಗದವು. ಮಸ್ಕಿಯಲ್ಲಿ 1954ರ ಉತ್ಖನನದಲ್ಲೂ ಆ ಕಾಲದ ಸಮಾಧಿಗಳು ಸಿಕ್ಕಿವೆ. ಆದರೂ ಅಗೆದ ಗೋರಿಯ ಒಳಪದರಗಳನ್ನು ಅವರು ಬಿಡಿಸಿದ ಚಿತ್ರಗಳು ಬೆಲೆ ಕಳೆದುಕೊಂಡಿಲ್ಲ. ಕಪ್ಪುಹಲಗೆಯ ಮೇಲೆ ಅಂಥದೊಂದನ್ನು ಬರೆದಾಗ, ನಮ್ಮೂರ ದಿನ್ನಿಯೊಳಗೂ ಹೀಗೇ ಇರಬಹುದೇ ಎಂದು ಮಕ್ಕಳು ಕೇಳಿದರು. ಅಗೆಯದೆ ಹೇಳಲಾಗದು, ನೀವು ಅಗೆಯಲೂ ಬಾರದು ಎಂದೆ.

ಡಬ್ಲಿನ್‌ನಲ್ಲಿ ಕುಳಿತೇ ಟೇಲರ್ ತಾರಾ, ಸೀತಾ ಕಾದಂಬರಿಗಳನ್ನೂ, 1870ರಲ್ಲಿ ವಿದ್ಯಾರ್ಥಿಗಳಿಗಾಗಿ ಭಾರತದ ಇತಿಹಾಸವೊಂದನ್ನೂ ಬರೆದರು. 1875ರಲ್ಲಿ, ದೃಷ್ಟಿ ಮಂದವಾಗಿದ್ದರೂ, ಸಾಲಾರ್ ಜಂಗ್ ಕರೆದರೆಂದು ಮತ್ತೆ ಹೈದರಾಬಾದಿಗೆ ಬಂದರು. ಬಂದ ಮೇಲೆ ಆರೋಗ್ಯ ಪೂರ್ತಿ ಕೆಟ್ಟಿತು. ಹಿಂದಿರುಗುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡರು. ಆತ್ಮಕಥೆಯನ್ನು ಮರುವರ್ಷ ಮಗಳು ಪ್ರಕಟಿಸಿದರು.

ಆ ಹುಡುಗಿಯನ್ನು ಕರೆದು ಗೋಡೆಯ ನಕಾಶೆಯಲ್ಲಿ ಟೇಲರ್ ಅವರ ಊರನ್ನು ಗುರುತಿಸಲು ಹೇಳಿದೆ. ಅವಳು ಮೊದಲು ಡಬ್ಲಿನ್ ಮೇಲೆ ಬೆರಳಿಟ್ಟಳು. ಆಮೇಲೆ ಕೃಷ್ಣೆಯ ಗೆರೆ ಹಿಡಿದು ಸುರಪುರವನ್ನು ಹುಡುಕತೊಡಗಿದಳು. ನಮ್ಮ ನಕಾಶೆಯಲ್ಲಿ ಆ ಹೆಸರು ಇರಲಿಲ್ಲ. ಪೆನ್ಸಿಲ್ ಕೊಡಿ ಸರ್, ಬರೆಯುತ್ತೇನೆ ಎಂದಳು. ಕೊಟ್ಟೆ.